ಹಿಡಿಯದ ಮೀನಿನ ತಿದ್ದುಪಡಿ

ನನಗೊಂದು ಜಡ್ಡು ಇದೆ. ಮನೆಯವರಿಗೂ ನೆರೆಯವರಿಗೂ ಗೊತ್ತಿರುವಂಥದೇ. ಎಲ್ಲಿಯಾದರೂ ತಪ್ಪು ಕಂಡರೆ ತಿದ್ದದೆ ಇರಲಾರೆ. ಸೋದರಮಾವನ ಮಗಳ ಲಗ್ನಪತ್ರಿಕೆ ಬಂದಾಗ ಅದರಲ್ಲಿಯ ಮೂರು ತಪ್ಪುಗಳಿಗೆ ಕೆಂಪು ಗುರುತು ಹಾಕಿ ಟಪಾಲಿನಲ್ಲಿ ತಿರುಗಿ ಕಳಿಸಿದ್ದೆ. ಲಗ್ನಕ್ಕೆ ಬರಬೇಡಿರೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. "ಉಣ್ಣಾಕ ಕುಂತಾಗರ ಪ್ರೂಫ್ ನೋಡೂದು ಬಿಡ್ರಿ" ಎಂದು ಹೆಂಡತಿ ಎಷ್ಟೋ ಸಲ ಅಂದಿದ್ದಾಳೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಸಹಸಂಪಾದಕನಾಗಿ ದುಡಿದವನಿಗೆ ಈ ಜಡ್ಡು ಹತ್ತಿದ್ದರಲ್ಲಿ ಸೋಜಿಗವಿಲ್ಲ. ಇದರಿಂದ ನನಗಾದ ನಷ್ಟಗಳನ್ನು ನಗುತ್ತ ಹೇಳಬಲ್ಲೆ. ಇನ್ನೊಬ್ಬನಿಗಾದ ನಷ್ಟವನ್ನು ಮಾತ್ರ ಈವರೆಗೆ ಯಾರೆದುರೂ ಹೇಳಿಲ್ಲ.

ಕಮರಿಪೇಟೆಯಲ್ಲಿ ತುಳಜಪ್ಪ ಎಂಬ ಸೀರೆ ವ್ಯಾಪಾರದ ಸಾಹುಕಾರರಿದ್ದರು. ಯಾರೋ ಇಂಗ್ಲಿಷ್ ಅಧಿಕಾರಿಯ ಗೆಳೆತನದಿಂದ ಅವರಿಗೆ ಗಾಳ ಹಾಕುವ ಹುಚ್ಚು ಹಿಡಿದಿತ್ತು. ಉಣಕಲ್ಲ ಕೆರೆಯ ದಂಡೆಯಲ್ಲಿ ಕೊಡೆ ಹಿಡಿಸಿಕೊಂಡು ಕೂತು, ಗೇಣುದ್ದದ ಮೀನು ಹಿಡಿದು ಸಾಕಾಗಿ, ಮುಂಬಯಿಯಿಂದ ದೊಡ್ಡ ಗಾಳದ ಕೋಲು ತರಿಸಿದರು. ಕಾರವಾರದಲ್ಲಿ ಮೂರು ದಿನಕ್ಕೆ ಒಂದು ಮಚವೆಯನ್ನೇ, ಅಂದರೆ ಹಾಯಿದೋಣಿಯನ್ನೇ, ಬಾಡಿಗೆಗೆ ಹಿಡಿದರು. "ರಾಯರ್ರ, ನೀವೂ ಬರ್ರಿ. ಕಣ್ಣಾರೆ ನೋಡಿ ನಾಕ ಸಾಲು ಬರೀರಿ. ನೋಡದ ಬರಿಯೂ ಮಂದಿ ಬ್ಯಾರೇ ಅದಾರ" ಎಂದರು. ಆ ಹೊಗಳಿಕೆಗೆ ನಾನು ಉಬ್ಬಿದೆ.

ತೊಡಕು ಒಂದೇ. ಪ್ರವಾಸ ಮಂಗಳವಾರದಿಂದ ಗುರುವಾರದವರೆಗೆ; ಪತ್ರಿಕೆ ಅಚ್ಚಾಗುವುದು ಬುಧವಾರ. ಮುಂದಿನ ವಾರದವರೆಗೆ ಕಾಯಲು ಸಾಹುಕಾರರು ಒಲ್ಲೆಂದರು. ನಮ್ಮ ಸಂಪಾದಕರು ತಣ್ಣಗೆ, "ಹೋಗೂಕಿಂತ ಮೊದಲ ಬರದಿಟ್ಟು ಹೋಗ್ರಿ" ಎಂದರು. ಸಭೆಯ ವರದಿಯನ್ನು ಸಭೆಗಿಂತ ಮೊದಲೇ ಬರೆದಿಡುವ ರೂಢಿ ನಮ್ಮಲ್ಲಿತ್ತು. ಹಾರ ಹಾಕುತ್ತಾರೆ, ಅಧ್ಯಕ್ಷರು ಮಾತಾಡುತ್ತಾರೆ, ಅದರಲ್ಲಿ ಬದಲಾಗುವುದೇನು? ಆದರೆ ಮೀನು ಅಧ್ಯಕ್ಷರಂತೆ ಮೊದಲೇ ಒಪ್ಪಿಕೊಂಡು ಬರುವ ಪ್ರಾಣಿಯಲ್ಲ. ಅಳುಕುತ್ತಲೇ ಬರೆದೆ. ಎರಡು ಹಾಯಿಗಳ ಮಚವೆ, ಪ್ರಶಾಂತ ಸಮುದ್ರ, "ಅನುಭವಿ ತಾಂಡೇಲನಾದ ವಿಠೋಬನ ಚಾಕಚಕ್ಯತೆಯಿಂದ" ಸಾಹುಕಾರರ ಗಾಳಕ್ಕೆ ಸಿಕ್ಕ ಭಾರಿ ಮೀನು. ದೋಣಿ ನಡೆಸುವ ತಾಂಡೇಲನ ಹೆಸರು ಮಾತ್ರ ದೋಣಿಯ ಮಾಲಕರ ಪತ್ರದಿಂದ ಗೊತ್ತಾಗಿತ್ತು. ತೂಕದ ಜಾಗ ಖಾಲಿ ಬಿಟ್ಟೆ.

"ಎಂಬತ್ತೆಂಟು ರತ್ತಲ ಹಾಕ್ರಿ" ಎಂದರು ಸಂಪಾದಕರು.

ಮೊಳೆ ಜೋಡಿಸುವ ಇಮಾಮಸಾಬ ತಲೆ ಎತ್ತದೆ, "ಎಂಟರ ಮೊಳಿ ಸವದಾವ್ರಿ. ನಲವತ್ತೆರಡು ಮಾಡೂಣು. ಅಷ್ಟು ದೊಡ್ಡ ಮೀನ ತಂದು ಮಾಡೂದರ ಏನೈತ್ರಿ?" ಎಂದ. ಹೀಗೆ ನಮ್ಮ ಮೀನು ಸಮುದ್ರದಲ್ಲಿ ಸಿಕ್ಕುವ ಮೊದಲೇ ಅರ್ಧಕ್ಕಿಂತ ಹೆಚ್ಚು ಸೊರಗಿತು.

ಮಚವೆ ಹತ್ತಿದ ಕೂಡಲೇ ನೋಡಿದೆ: ಹಾಯಿ ಒಂದೇ. ಮನಸ್ಸು ಕಸಿವಿಸಿಯಾಯಿತು. ಆದರೆ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸತೊಡಗಿ, ಹಾಯಿಯ ಚಿಂತೆ ಹಿಂದೆ ಬಿತ್ತು. ಹೆಂಡತಿ ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಚಟ್ನಿ ಮೊದಲ ದಿನ ಉಪ್ಪುನೀರಿಗೆ ತೊಯ್ದು ಹೋದವು. ತೊಯ್ಯದಿದ್ದರೂ ಉಣ್ಣುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚುಕ್ಕಾಣಿಯ ಹತ್ತಿರ ಮುದುಡಿ ಬಿದ್ದ ನನಗೆ ವಿಠೋಬ ಆಗಾಗ ನಿಂಬೆಹಣ್ಣು ಮೂಸಲು ಕೊಡುತ್ತಿದ್ದ. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. "ಮಾಲಕರು ಹೇಳಿದ್ರು, ರಾಯರೇ. ವಯಸ್ಸಾಯ್ತು, ಈ ಸಾಹುಕಾರ್ರು ಖುಷಿಯಾದ್ರೆ ಚುಕ್ಕಾಣಿ ನಿನ್ನ ಕೈಲೇ ಇರ್ತದೆ. ಇಲ್ಲದಿದ್ರೆ ಬೇರೆಯವ್ನ ಕೈಗೆ" ಎಂದು ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದ. ಮೂವತ್ತು ವರ್ಷ ಅವನು ಅದೇ ಮಚವೆಯ ಚುಕ್ಕಾಣಿ ಹಿಡಿದಿದ್ದ.

ಸಾಹುಕಾರರು ಬಲೆ ಹಾಕಗೊಡಲಿಲ್ಲ. "ಬಲಿ ಹಾಕಿದ್ರ ಅದು ಆಟ ಅಲ್ಲೋ, ದಂಧೆ ಆತು" ಎಂದರು. "ತಿನ್ನೂಕಲ್ಲ, ಮಾರೂಕಲ್ಲ ಅಂದ್ರೆ ಹಿಡಿಯೂದು ಎಂತಕ್ಕೆ?" ಎಂದು ವಿಠೋಬ ನನ್ನ ಕಿವಿಯಲ್ಲಿ ಕೇಳಿದ. ಪತ್ರಿಕೆಯವನೆಂದ ಮೇಲೆ ಎಲ್ಲಕ್ಕೂ ಉತ್ತರ ಗೊತ್ತಿರಬೇಕೆಂದು ಅವನ ನಂಬಿಕೆ. ನಾನು ಉತ್ತರದ ಬದಲು ಕಟಾಂಜನದ ಮೇಲೆ ಬಾಗಿ ವಾಂತಿ ಮಾಡಿಕೊಂಡೆ.

ಎರಡು ದಿನ ಏನೂ ಸಿಕ್ಕಲಿಲ್ಲ. ಬುಧವಾರ ಸಂಜೆ, ಅಲ್ಲಿ ಹುಬ್ಬಳ್ಳಿಯಲ್ಲಿ ನಲವತ್ತೆರಡು ರತ್ತಲಿನ ಮೀನು ಯಂತ್ರದಿಂದ ಪ್ರತಿ ಪ್ರತಿಯಾಗಿ ಹೊರಬೀಳುತ್ತಿರುವ ಹೊತ್ತಿಗೆ, ಸಾಹುಕಾರರು ಖಾಲಿ ನೀರನ್ನು ನೋಡುತ್ತ ಕೂತಿದ್ದರು. ಗುರುವಾರ ಮಧ್ಯಾಹ್ನ ಕೋಲು ಬಿಲ್ಲಿನಂತೆ ಬಾಗಿತು. ದೂರದಲ್ಲಿ ಒಮ್ಮೆ ಬೆಳ್ಳಗಿನ ಬೆನ್ನು ಮೇಲೆದ್ದು ಮುಳುಗಿತು. ಇಸೋಣ ಮೀನು, ಆಳುದ್ದದ್ದು ಎಂದ ವಿಠೋಬ. ಸಾಹುಕಾರರು ತಾಸು ಹೊತ್ತು ಸೆಣಸಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಪಡುವಲ ಅಂಚು ಮಸಿಯಂತೆ ಕಪ್ಪಾಯಿತು.

"ಸಾಹುಕಾರ್ರೇ, ತಿರುಗ್ಸಬೇಕು. ಈಗ್ಲೇ."

"ಇನ್ನೊಂದೀಟು ತಡಿಯೋ! ಸೋಲಾಕ ಬಂದೈತಿ ಅದು!"

"ದಾರ ಬಿಡಿ, ಸಾಹುಕಾರ್ರೇ."

"ಬಾಡಿಗಿ ಯಾರು ಕೊಟ್ಟಾರ? ನೀನೋ ನಾನೋ?"

ವಿಠೋಬ ಸೊಂಟದ ಚೂರಿ ತೆಗೆದು ದಾರ ಕತ್ತರಿಸಿ ಚುಕ್ಕಾಣಿಗೆ ಹೋದ. ಗಾಳಿ ಬಡಿದಾಗ ನಾವು ಗುಡ್ಡದ ಮರೆ ಸೇರಿದ್ದೆವು. ಕಡಲಲ್ಲೇ ಉಳಿದ ಬೇರೆ ಎರಡು ದೋಣಿಗಳಲ್ಲಿ ಒಂದು ಮಾತ್ರ ಮರುದಿನ ಬಂದಿತು. ನಾನು ಇಂದು ಕೂತು ಬರೆಯುತ್ತಿರುವುದು ಆ ಚೂರಿಯ ದಯೆಯಿಂದ.

ಶುಕ್ರವಾರ ಮಾಲಕರ ಅಂಗಡಿಗೆ ಹೋದಾಗ ವಿಠೋಬನ ಮೇಲೆ ದೂರು ಹೇಳಲು ಸಾಹುಕಾರರು ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಟಪಾಲಿನ ಮೋಟಾರು ಬಂತು, ಅದರೊಳಗೆ ನಮ್ಮ ಪತ್ರಿಕೆ. ಮಾಲಕರು ಗಟ್ಟಿಯಾಗಿ ಓದಿ, "ನಲವತ್ತೆರಡು ರತ್ತಲು! ಶಾಬಾಸ್ ವಿಠೋಬ!" ಎಂದರು. ಸಾಹುಕಾರರು ನನ್ನನ್ನು ನೋಡಿದರು, ನಾನು ನೆಲವನ್ನು ನೋಡಿದೆ. ಆಮೇಲೆ ಅವರು ಮೆಲ್ಲಗೆ, "ಹೌದ್ರಿ. ಮನಷ್ಯಾ ಛಲೋ ಅದಾನ. ಮುಂದಿನ ವರ್ಷನೂ ಇವನ ಇರ್ಲಿ" ಎಂದರು. ವಿಠೋಬ ಬಾಗಿಲಲ್ಲಿ ನಿಂತು ಯಾರ ಮುಖವನ್ನೂ ನೋಡದೆ ಪತ್ರಿಕೆಯ ಆ ತುಂಡನ್ನು ಬೇಡಿಕೊಂಡ.

ಇಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ವರ್ಷದಲ್ಲಿ ಗೊತ್ತಿದ್ದೂ ತಿದ್ದದೆ ಬಿಟ್ಟ ಸುಳ್ಳು ಅದೊಂದೇ; ಅದು ಹಲ್ಲಿನ ಸಂದಿಯ ನಾರಿನಂತೆ ನನ್ನನ್ನು ಕಾಡಿತು. ಎರಡು ಸಾಲಿನ ತಿದ್ದುಪಡಿ ಬರೆದೆ.

"ಯಾರರ ಕೇಳ್ಯಾರೇನ್ರಿ?" ಎಂದರು ಸಂಪಾದಕರು.

"ಇಲ್ಲ."

"ಮತ್ತ್ಯಾಕ?"

"ಅದು ಸುಳ್ಳದ ಅಂತ."

ಅವರು ನಿಟ್ಟುಸಿರುಬಿಟ್ಟು ಸಹಿ ಹಾಕಿದರು. ಮೀನು ಸಿಗಲಿಲ್ಲವೆಂದೂ, ಗಾಳದ ದಾರವನ್ನು ತಾಂಡೇಲನೇ ಕತ್ತರಿಸಿದನೆಂದೂ, ತಪ್ಪಿಗೆ ವಿಷಾದವೆಂದೂ ಅಚ್ಚಾಯಿತು. ಬಿರುಗಾಳಿಯ ಮಾತು ಅದರಲ್ಲಿರಲಿಲ್ಲ. ತಿದ್ದುಪಡಿಗೆ ಎರಡೇ ಸಾಲೆಂಬ ನಿಯಮ ನಾನೇ ಮಾಡಿದ್ದು.

ಕಮರಿಪೇಟೆಯಲ್ಲಿ ಮಂದಿ ಸಾಹುಕಾರರನ್ನು ನಿಲ್ಲಿಸಿ, "ಸಾರು ಹ್ಯಾಂಗಿತ್ರಿ?" ಎಂದು ಕೇಳತೊಡಗಿದರು. ಅವರು ಕಾರವಾರದ ಮಾಲಕರಿಗೆ ಒಂದು ಪತ್ರ ಬರೆದರು.

ಮುಂದಿನ ವರ್ಷ ಬೇರೆ ಕೆಲಸಕ್ಕೆ ಕಾರವಾರಕ್ಕೆ ಹೋದಾಗ ಅದೇ ಮಚವೆ ಬೇರೊಬ್ಬನ ಕೈಯಲ್ಲಿ ಹೊರಡುತ್ತಿತ್ತು. ವಿಠೋಬ ಉಸುಕಿನಲ್ಲಿ ಕೂತು ಯಾರದೋ ಬಲೆ ಹೊಲಿಯುತ್ತಿದ್ದ. ಹತ್ತಿರ ಹೋಗಿ ಕೂತೆ. ಅವನೇ, "ನೀವು ಬರೆದದ್ದು ಖರೇನೇ ಅಲ್ವಾ, ರಾಯರೇ. ನಾನೇ ಕತ್ತರ್ಸಿದ್ದು" ಎಂದ. ಆಮೇಲೆ ತಂಬಾಕಿನ ಡಬ್ಬಿಯಿಂದ ಮಡಿಕೆ ಮಡಿಕೆಯಾದ ತುಂಡೊಂದನ್ನು ಬಿಚ್ಚಿದ. ತಿದ್ದುಪಡಿಯಲ್ಲ, ಮೊದಲನೆಯ ವರದಿ. "ಇದನ್ನೊಮ್ಮೆ ಓದಿ. ಓದೂವವರು ಇಲ್ಲಿ ಸಿಗೂದು ಕಮ್ಮಿ."

ಓದಿದೆ. ಅನುಭವಿ ತಾಂಡೇಲನಾದ ವಿಠೋಬನ ಚಾಕಚಕ್ಯತೆ ಎಂಬಲ್ಲಿ ಅವನ ಕೈ ಬಲೆಯ ಮೇಲೆ ನಿಂತಿತು. ಅದರ ಮೇಲಿನ ಸಾಲಿನಲ್ಲಿ "ಎರಡು ಹಾಯಿಗಳ" ಎಂದಿತ್ತು. ನನ್ನ ಕೈ ತಾನಾಗಿ ಜೇಬಿನ ಪೆನ್ಸಿಲಿಗೆ ಹೋಯಿತು.

ವಿಠೋಬ ಅದನ್ನು ನೋಡಿ ಕಾಗದವನ್ನು ನನ್ನ ಬೆರಳಿನಿಂದ ಮೆಲ್ಲಗೆ ಬಿಡಿಸಿಕೊಂಡು ಮಡಿಚಿಟ್ಟ.