ಮನೆಗೊಬ್ಬ ವಿಳಾಸಾಧಿಕಾರಿ

ನಮ್ಮ ಮನೆಯಲ್ಲಿ ಇಂಟರ್ನೆಟ್ ತೆವಳುತ್ತಿತ್ತು. ಅದನ್ನು ಓಡಿಸುವ ದುರ್ಬುದ್ಧಿ ನನಗೇ ಬರಬೇಕಿತ್ತೆ?

ನಾವು ಯಾವುದೇ ವೆಬ್‌ಸೈಟಿನ ಹೆಸರು ಹೊಡೆದರೂ ಕಂಪ್ಯೂಟರು ಅದರ ವಿಳಾಸವನ್ನು ದೂರದ ಡಿಎನ್‌ಎಸ್ ಸರ್ವರಿನ ಬಳಿ ಕೇಳಿಕೊಂಡು ಬರಬೇಕು. ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಂಡು ಹೇಳುವ ಸರ್ವರು ಮನೆಯಲ್ಲೇ ಇದ್ದರೆ ಆ ಅಲೆದಾಟ ತಪ್ಪುತ್ತದಲ್ಲ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರನ್ನು ಇಳಿಸಿ, ಲಿನಕ್ಸ್ ಹಾಕಿ, ಆ ಪದವಿಗೆ ಪಟ್ಟಾಭಿಷೇಕ ಮಾಡಿದೆ. ಕೇಳಿದ ಉತ್ತರವನ್ನು ಒಂದು ವಾರ ಮರೆಯಕೂಡದೆಂದು ರಾಜಾಜ್ಞೆಯನ್ನೂ ಹೊರಡಿಸಿದೆ. (ಕನ್ನಡಕದಂಗಡಿ ಇಟ್ಟುಕೊಂಡಿರುವ ನನಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.)

"ನಾಳೆ ನನ್ನ ಇಂಟರ್‌ವ್ಯೂ ಇದೆ. ಇವತ್ತೇ ಇದಕ್ಕೆ ಕೈ ಹಾಕ್ಬೇಕಿತ್ತೇನ್ರೀ?"

"ನಿನಗೋಸ್ಕರಾನೇ ಕಣೇ ಮಾಡ್ತಿರೋದು."

ಮಕ್ಕಳು ದೊಡ್ಡವರಾದ ಮೇಲೆ ಅವಳು ಕೆಲಸ ಹುಡುಕುತ್ತಿದ್ದಳು. ಎಷ್ಟೋ ಅರ್ಜಿಗಳ ನಂತರ ಬಂದ ಮೊದಲ ಕರೆ ಇದು. ಒಂದು ಫೋನ್ ಕಂಪನಿಯ ಸಹಾಯವಾಣಿ, ವಿಡಿಯೋದಲ್ಲೇ ಸಂದರ್ಶನ. ಅವರು ಕಳಿಸಿದ್ದ ವಿಳಾಸವನ್ನು ಸಂಜೆಯೇ ಪರೀಕ್ಷಿಸಿದೆ. 'ಅಂಥ ವಿಳಾಸವೇ ಇಲ್ಲ' ಎಂದು ಬಂತು.

"ಆ ವಿಳಾಸ ನಾಳೆ ಬೆಳಿಗ್ಗೆಯಿಂದ ಶುರುವಾಗುತ್ತೆ ಅಂತ ಅವರೇ ಬರ್ದಿದಾರಲ್ಲ. ಸುಮ್ನಿರಿ," ಎಂದಳು.

ಬೆಳಿಗ್ಗೆ ಅವಳು ಸಿದ್ಧವಾಗಿ ಕೂತರೆ ಪರದೆಯ ಮೇಲೆ ಮತ್ತೆ ಅದೇ: ಇಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಆ ವಿಧೇಯ ಸರ್ವರು ನಿನ್ನೆಯ 'ಇಲ್ಲ'ವನ್ನೂ ಬಾಯಿಪಾಠ ಮಾಡಿಕೊಂಡಿತ್ತು, ವಾರದ ಮಟ್ಟಿಗೆ. ಗಾಬರಿಯಲ್ಲಿ ಏನೋ ತಿದ್ದಲು ಹೋದೆ, ಇದ್ದ ಇಂಟರ್ನೆಟ್ಟೂ ಹೋಯಿತು. ಸರಿಪಡಿಸುವುದು ಹೇಗೆಂದು ಹುಡುಕೋಣವೆಂದರೆ ಅದಕ್ಕೂ ಇಂಟರ್ನೆಟ್ ಬೇಕು. ಮೊಬೈಲ್ ಸಿಗ್ನಲ್ಲಂತೂ ನಮ್ಮ ಹೊಸ್ತಿಲು ದಾಟುವುದಿಲ್ಲ.

"ಆಗುತ್ತಾ ಇಲ್ವಾ, ಒಂದು ಮಾತು ಹೇಳಿಬಿಡಿ."

"ಎರಡೇ ನಿಮಿಷ."

"ಆಗಿಂದ ಅದೇ ಎರಡು ನಿಮಿಷ." ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಮನೆಯ ಟೈಲರಮ್ಮನ ಬಳಿ ಓಡಿದಳು.

ತಿರುಗಿ ಬಂದಾಗ ಮುಖ ಅರಳಿತ್ತು. "ಕೆಲಸ ಸಿಕ್ತು."

"ಏನು ಕೇಳಿದ್ರು?"

"ತಡ ಯಾಕೆ ಅಂದ್ರು, ಇದ್ದದ್ದು ಇದ್ದ ಹಾಗೆ ಹೇಳ್ದೆ. ನಗು ನಿಲ್ಲಿಸೋಕೇ ಅವರಿಗೆ ಹೊತ್ತು ಹಿಡೀತು. ಆಮೇಲೆ, ತಾವೇ ರಿಪೇರಿ ಮಾಡೋಕೆ ಹೋಗಿ ಕೆಡಿಸ್ಕೊಂಡ ಗ್ರಾಹಕರ ಹತ್ರ ತಾಳ್ಮೆಯಿಂದ ಮಾತಾಡ್ತೀರಾ ಅಂದ್ರು. ಮದುವೆಯಾದಾಗಿಂದ ಅದೇ ಅಭ್ಯಾಸ ಅಂದೆ. ಮುಂದೆ ಏನೂ ಕೇಳ್ಲಿಲ್ಲ."

"ಅಂದ್ರೆ ಇದರಲ್ಲಿ ನನ್ನ ಸರ್ವರಿಂದೂ ಒಂದು ಪಾಲಿದೆ," ಎಂದು ಎದೆಯುಬ್ಬಿಸಿದೆ.

ಅವಳು ಗಂಟಲು ಸರಿಮಾಡಿಕೊಂಡು, ಜೇನಿನಂಥ ದನಿಯಲ್ಲಿ ಹೇಳಿದಳು: "ಸರ್, ನಿಮ್ಮ ತೊಂದರೆ ಅರ್ಥ ಆಗುತ್ತೆ. ಮೊದಲು ಆ ಡಬ್ಬದಿಂದ ಕೈ ತೆಗೀರಿ. ತೆಗೆದ್ರಾ? ಈಗ ಪ್ಲಗ್ ಕೀಳಿ."

ಕಿತ್ತೆ.

"ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?"