ಸಾವಿನ ಮನೆಯಲ್ಲಿ ಆಡಬಾರದ ಮಾತು

ಮಾತು ಬಲ್ಲವನು ಎಂದು ಹೆಸರು ಪಡೆಯುವುದು ಒಂದು ಬಗೆಯ ಶಿಕ್ಷೆ. ಚೆನ್ನಾಗಿ ಅಡುಗೆ ಮಾಡುವವರು ಒಂದು ದಿನ ಉಪ್ಪು ಹೆಚ್ಚು ಹಾಕಿದರೆ ಜನ ನೀರು ಕುಡಿದು ಕ್ಷಮಿಸುತ್ತಾರೆ. ಮಾತು ಬಲ್ಲವನು ಒಂದು ಮಾತು ತಪ್ಪಿದರೆ ಅದನ್ನು ತಿಂಗಳುಗಟ್ಟಲೆ ಮೆಲುಕು ಹಾಕುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವನು, ಈಗ ನಿವೃತ್ತ. ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡು ಸುಮ್ಮನೆ ಕೂತಿದ್ದೇನೆ ಎಂದರೆ ಸುಳ್ಳಾದೀತು, ಜನ ಕೂರಲು ಬಿಡುವುದಿಲ್ಲ. ಬೀಳ್ಕೊಡುಗೆಗೆ ಬಿನ್ನವತ್ತಳೆ, ಮದುವೆ ಕಾರ್ಡಿಗೆ ನಾಲ್ಕು ಸಾಲು, ಪತ್ರಿಕೆಗೆ ಶ್ರದ್ಧಾಂಜಲಿ, ಎಲ್ಲವೂ ನನ್ನ ಹತ್ತಿರವೇ ಬರುತ್ತವೆ. ಅದು ಸಾಲದೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಶಿಕ್ಷಕರಿಗೆ ತರಬೇತಿ ನಡೆದಾಗಲೆಲ್ಲ 'ಸಂವಹನ ಕೌಶಲ' ಎಂಬ ವಿಷಯಕ್ಕೆ ನನ್ನನ್ನು ಕರೆಯುತ್ತಾರೆ. ಊಟಕ್ಕೆ ಮುಂಚಿನ ಅವಧಿ ಕೊಡಬೇಕು ಎಂಬುದು ನನ್ನ ಒಂದೇ ಷರತ್ತು. ಊಟವಾದ ಮೇಲೆ ಶಿಕ್ಷಕರೆಲ್ಲರ ದೇಹಭಾಷೆ ಒಂದೇ ಆಗಿರುತ್ತದೆ.

ಹಲಗೆಯ ಮೇಲೆ ಮೂರು ಅಂಕಣ ಎಳೆದು ಮಾತು, ಬರಹ, ದೇಹಭಾಷೆ ಎಂದು ಬರೆದು ನಾನು ಒಂದೂವರೆ ತಾಸು ನಿರರ್ಗಳವಾಗಿ ಹೇಳಬಲ್ಲೆ. ನನ್ನ ಹೆಂಡತಿ ಸುಶೀಲಾ ಒಂದು ದಿನವೂ ಈ ಉಪನ್ಯಾಸ ಕೇಳಿದವಳಲ್ಲ. ಆದರೆ ತರಬೇತಿ ಮುಗಿಸಿ ಬಂದವನು ಕೈಚೀಲವನ್ನು ಗೂಟಕ್ಕೆ ತಗುಲಿಸುವ ರೀತಿಯಲ್ಲೇ ಅವಳಿಗೆ ಅಂದು ಚಪ್ಪಾಳೆ ಬಿತ್ತೋ ಇಲ್ಲವೋ ತಿಳಿದುಬಿಡುತ್ತದೆ. ನನ್ನ ಕಡೆಯಿಂದ ಹಾಗೆ ಹೇಳುವಂತಿಲ್ಲ. ಅವಳು ಎರಡು ದಿನ ಜ್ವರದಲ್ಲಿ ಓಡಾಡಿದ್ದು ಗೊತ್ತಾಗದೆ, ಹವೆ ತಂಪಾಗಿದೆ, ಮಿರ್ಚಿ ಭಜಿ ಮಾಡು ಎಂದವನು ನಾನು. ಅಂದು ಅವಳು ತಾಟನ್ನು ನನ್ನ ಮುಂದೆ ಇಟ್ಟ ಸದ್ದಿಗೂ ಅರ್ಥವಿತ್ತೆಂದು ಮೂರನೆಯ ದಿನ ಮಗಳು ಫೋನು ಮಾಡಿ ವಿವರಿಸಿದಳು.

ಇಷ್ಟು ತಪ್ಪೊಪ್ಪಿಗೆ ಮೊದಲೇ ಮಾಡಿಕೊಂಡು ಸಿದ್ರಾಮನ ವಿಷಯಕ್ಕೆ ಬರುತ್ತೇನೆ. ಸಿದ್ರಾಮ ಡ್ರಾಯಿಂಗ್ ಮಾಸ್ತರ, ಹೂವಿನ ಹಿಪ್ಪರಗಿಯವನು. ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಹದಿನಾಲ್ಕು ವರ್ಷ ಜೊತೆಗಿದ್ದೆವು. ಅವನದು ಮಾತು ಕಡಿಮೆ. ನಾನು ಮಾತಾಡುವುದು, ಅವನು ಹಳೆಯ ಪತ್ರಿಕೆಯ ಅಂಚಿನಲ್ಲಿ ಏನಾದರೂ ಗೀಚುವುದು, ಇದು ನಮ್ಮ ಸ್ನೇಹದ ಏರ್ಪಾಡಾಗಿತ್ತು. ಒಮ್ಮೆ ನಾನು ಹೆಡ್‌ಮಾಸ್ತರರ ಮೇಲಿನ ಸಿಟ್ಟನ್ನು ಒಂದು ತಾಸು ತೋಡಿಕೊಂಡೆ. ಕೊನೆಗೆ ಅವನು ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದ. ಕನ್ನಡಕ ಹಾಕಿದ ಕತ್ತೆಯೊಂದು ಮೈಕಿನ ಮುಂದೆ ನಿಂತಿತ್ತು, ಕನ್ನಡಕ ನನ್ನದೇ. ನಾನು ನಕ್ಕೆ, ಸಿಟ್ಟು ಇಳಿಯಿತು. ಅವನ ಹೆಂಡತಿ ಶಾಂತವ್ವ ಎಷ್ಟೋ ಸಲ ನಮಗೆ ಚಹಾ ತಂದಿಟ್ಟು, "ಮಾಸ್ತರ, ನೀವು ಬಂದ್ರ ನಮ್ಮ ಮನ್ಯಾಗ ರೇಡಿಯೋ ಹಚ್ಚಿದಂಗ ಆಕ್ಕೈತಿ ನೋಡ್ರಿ" ಎನ್ನುತ್ತಿದ್ದಳು.

ಆ ಶಾಂತವ್ವ ಹೋದ ವರ್ಷ ತೀರಿಕೊಂಡಳು. ಬೆಳಿಗ್ಗೆ ಸುದ್ದಿ ಬಂತು. ನಾನು ಬಹಳ ಅತ್ತೆ. ಅತ್ತು ಮುಗಿಸಿ, ರೂಢಿಯಂತೆ ಬರೆಯಲು ಕುಳಿತೆ. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ 'ಅಕ್ಷರಗಳು ಸೋಲುವ ಹೊತ್ತಿದು' ಎಂದು ಆರಂಭಿಸಿ, ಎಲ್ಲಿಯೂ ಸೋಲದ ಅಕ್ಷರಗಳಲ್ಲಿ ಮೊಬೈಲಿನ ಎರಡು ಪರದೆ ತುಂಬಿಸಿದೆ. ಗುಂಪಿನವರಿಗೆ ಅದು ಎಷ್ಟು ಹಿಡಿಸಿತೆಂದರೆ ಒಬ್ಬೊಬ್ಬರೂ ಅದನ್ನೇ ನಕಲು ಮಾಡಿ, ಕೆಳಗೆ ತಮ್ಮ ಹೆಸರು ಸೇರಿಸಿ ಸಿದ್ರಾಮನಿಗೆ ಕಳಿಸಿದರು. ಪಿ.ಟಿ. ಮಾಸ್ತರರು ನನ್ನ ಹೆಸರನ್ನು ಅಳಿಸುವುದನ್ನೂ ಮರೆತಿದ್ದರು. ಮಧ್ಯಾಹ್ನದೊಳಗೆ ಆ ಪಾಪದವನಿಗೆ ನನ್ನ ದುಃಖ ಹನ್ನೊಂದು ಸಲ ತಲುಪಿತ್ತು.

ಮಣ್ಣಿಗೆ ಹೋಗುವುದು ನಮ್ಮಿಂದಾಗಲಿಲ್ಲ, ಮರುದಿನ ಮಾತಾಡಿಸಲು ಹೊರಟೆವು. ಬಸ್ಸಿನಲ್ಲಿ ಸುಶೀಲಾ ಕಿವಿ ಹಿಂಡುವಂತೆ ಹೇಳಿದಳು: "ಅಲ್ಲಿ ಸುಮ್ನ ಕುಂದರ್ರಿ. ಅವರು ಕೈ ಹಿಡದ್ರ ನೀವೂ ಕೈ ಹಿಡೀರಿ. ಭಾಷಣ ಬ್ಯಾಡ." ಸಾವಿನ ಮನೆಗೆ ನಮ್ಮ ಕಡೆ ಬೇರೆಯೇ ರೀತಿ ಇದೆ. ಮನೆಯವರು ಬಂದವರಿಗೆ 'ಬರ್ರಿ' ಎನ್ನುವುದಿಲ್ಲ. ಬಂದವರು ಜಮಖಾನದ ಮೇಲೆ ಸ್ವಲ್ಪ ಹೊತ್ತು ಕುಳಿತು, ಮಾತಿಲ್ಲದೆ ಎದ್ದು ಹೋಗುತ್ತಾರೆ. ನಾವೂ ಹಾಗೆಯೇ ಕುಳಿತೆವು. ಸಿದ್ರಾಮ ಗೋಡೆ ನೋಡುತ್ತಿದ್ದ. ಪಕ್ಕದ ಹೊಲದ ಮುದುಕನೊಬ್ಬ ಬಂದು, ಅವನ ಬೆನ್ನ ಮೇಲೆ ಕೈಯಿಟ್ಟು, ತುಸು ಹೊತ್ತು ಹಾಗೇ ಇದ್ದು ಹೊರಟುಹೋದ. ನನ್ನ ಎರಡು ಪರದೆಗಿಂತ ಆ ಕೈ ಭಾರವಾಗಿತ್ತು ಎನಿಸಿ, ಹೇಳಲು ನಾಚಿಕೆ, ನನಗೆ ಆ ಮುದುಕನ ಮೇಲೆ ಹೊಟ್ಟೆಕಿಚ್ಚಾಯಿತು.

ಅರ್ಧ ತಾಸಿನ ಮೇಲೆ ಸುಶೀಲಾ ಎದ್ದಳು, ನಾನೂ ಎದ್ದೆ. ಅಷ್ಟು ಹೊತ್ತು ಬಾಯಿ ಕಟ್ಟಿ ಕುಳಿತದ್ದೇ ಒಂದು ಸಾಧನೆ ಎಂದುಕೊಳ್ಳುತ್ತ ಹೊಸ್ತಿಲ ಹತ್ತಿರ ಬಂದಾಗ, ಹುಟ್ಟಿದಾಗಿನಿಂದ ಎಲ್ಲರ ಮನೆಯಲ್ಲೂ ಹೇಳಿಕೊಂಡು ಬಂದ ಮಾತು ತಾನೇ ತಾನಾಗಿ ಹೊರಬಿತ್ತು. "ಬರ್ತೇನಿ ಸಿದ್ರಾಮ" ಎಂದೆ. ಗಟ್ಟಿಯಾಗಿಯೇ ಎಂದೆ, ಪಾಠ ಹೇಳಿದ ಗಂಟಲು. ಒಬ್ಬ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೋ ಕೆಮ್ಮಿದರು. ಸುಶೀಲಾ ಮೊಳಕೈ ಹತ್ತಿರ ಚಿವುಟಿದಳು, ಆ ದೇಹಭಾಷೆ ಮಾತ್ರ ನನಗೆ ಕೂಡಲೇ ಅರ್ಥವಾಯಿತು. ಸಿದ್ರಾಮ ಗೋಡೆಯಿಂದ ಕಣ್ಣು ತೆಗೆದು ನನ್ನನ್ನೇ ನೋಡಿದ.

ಬಾಗೇವಾಡಿ ಮುಟ್ಟಿದ ಮೇಲೆ ಸುಶೀಲಾ ಮನೆಯ ಬೀಗ ತೆಗೆಯುತ್ತ ಕೇಳಿದಳು: "ಸಾವಿನ ಮನ್ಯಾಗ ಬರ್ತೇನಿ ಅಂತಾರೇನ್ರಿ? ಮತ್ತ ಇಂಥದ್ದ ಕೆಲಸಕ್ಕ ಬರ್ತೇನಿ ಅಂದಂಗಾತು. ಸಣ್ಣ ಹುಡುಗರಿಗೂ ಗೊತ್ತೈತಿ ಇದು." ನನಗೂ ಗೊತ್ತಿತ್ತು. ತರಬೇತಿಯಲ್ಲಿ ಇದೇ ಉದಾಹರಣೆ ಕೊಟ್ಟು, ಯಾವ ಮಾತು ಎಲ್ಲಿ ಆಡಬಾರದು ಎಂದು ಇಂಡಿಯ ಶಿಕ್ಷಕರಿಗೆ ನಾನೇ ಹೇಳಿದ್ದೆ. ಅವರೆಲ್ಲ ಬರೆದುಕೊಂಡಿದ್ದರು.

ಆಮೇಲೆ ನಾನು ಹಿಪ್ಪರಗಿಗೆ ಹೋಗಲಿಲ್ಲ. ದಿನಕರ್ಮದ ಊಟಕ್ಕೆ ಮೊಣಕಾಲು ನೋವು ಎಂದು ನೆಪ ಹೇಳಿ ಸುಶೀಲಾಳನ್ನು ಒಬ್ಬಳನ್ನೇ ಕಳಿಸಿದೆ. ಅಷ್ಟರಲ್ಲಿ ಸಿದ್ರಾಮನ ಅಣ್ಣ ಮಾಳಿಗೆಯ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡ ಸುದ್ದಿ ಬಂತು. ಇಂಥವನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಆ ಮನುಷ್ಯ ಕೋಲು ಹಿಡಿದು ನಡೆಯುವವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ. ಆ ಮನೆಯವರು ನನ್ನ ಹೆಸರು ಹಿಡಿದು ಏನೆನ್ನುತ್ತಿರಬಹುದೆಂದು ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕುತ್ತಿದ್ದೆ. ಸಿದ್ರಾಮನಿಗೆ ಕ್ಷಮೆ ಕೇಳೋಣವೆಂದು ಮೊಬೈಲು ತೆಗೆಯುವುದು, ಎರಡು ಸಾಲು ಬರೆಯುವುದು, ಅಳಿಸುವುದು. ತಾಲೂಕಿನವರಿಗೆಲ್ಲ ಬರೆದುಕೊಡುವವನಿಗೆ ತನ್ನದೊಂದು ಮಾತು ಬರೆಯಲು ಬರಲಿಲ್ಲ. ಮುಕ್ಕಾಲು ತಾಸಿನ ಬಸ್ಸಿನ ದಾರಿ, ಐದು ತಿಂಗಳು ಹಾಗೇ ಹೋದವು.

ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಸಿದ್ರಾಮ ತಾನೇ ಬಾಗಿಲಲ್ಲಿ ನಿಂತಿದ್ದ. ಬಹಳ ಇಳಿದುಹೋಗಿದ್ದ, ಅಂಗಿ ಬೇರೆ ಯಾರದೋ ಎನ್ನುವಂತೆ ಜೋಲುತ್ತಿತ್ತು. ಸುಶೀಲಾ ನೀರು ಕೊಟ್ಟಳು, ಚುರುಮುರಿ ಸೂಸಲ ಮಾಡಿಕೊಟ್ಟಳು. ಅವನು ತಿಂದ. ನಾನು ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಪಿಂಚಣಿ ಕಚೇರಿಯ ಬಗ್ಗೆ, ಬಾಯಿಗೆ ಬಂದದ್ದರ ಬಗ್ಗೆಯೆಲ್ಲ ಮಾತಾಡಿದೆ. ಅವನು ತಾಟು ಕೆಳಗಿಟ್ಟು ಹೇಳಿದ: "ಮಾಸ್ತರ, ನೀ ಬರ್ತೇನಿ ಅಂದಿದ್ದಿ."

ನಾನು ಕೈಮುಗಿದೆ. "ತಪ್ಪಾತೋ ಸಿದ್ರಾಮ. ಬಾಯಿ ತಪ್ಪಿ ಬಂತು. ಅಂಥಾ ಮನ್ಯಾಗ..."

"ತಪ್ಪ ಎಲ್ಲೈತಿ?" ಎಂದ. ಆಮೇಲೆ ಅವನು ಒಂದೇ ಸಲಕ್ಕೆ ಆಡಿದಷ್ಟು ಮಾತನ್ನು ನಾನು ಎಂದೂ ಕೇಳಿರಲಿಲ್ಲ. "ಅವತ್ತ ಎಲ್ಲಾರೂ ರೀತಿ ಹಿಡದ ನಡಕೊಂಡ್ರು. ಸುಮ್ನ ಬಂದ್ರು, ಸುಮ್ನ ಹೋದ್ರು. ದಿನಕರ್ಮ ಆದಮ್ಯಾಲ ಮತ್ತ ಯಾರೂ ಬರಲಿಲ್ಲ. ನೀ ಒಬ್ಬನ ಬರ್ತೇನಿ ಅಂದಿ. ಅದನ್ನ ನಾ ಗಟ್ಟಿ ಹಿಡಕೊಂಡೆ. ದಿನಾ ಬಾಗೇವಾಡಿ ಬಸ್ ಬರೂ ಹೊತ್ತಿಗಿ ಕಟ್ಟಿ ಮ್ಯಾಲ ಕುಂದರತಿದ್ದೆ. ನೀ ಏನೋ ಬರಿಯಾಕತ್ತೀದಿ ಅಂತ ಫೋನಿನ್ಯಾಗ ತೋರಸ್ತಿತ್ತು. ನೋಡಕೋತ ಕುಂದರತಿದ್ದೆ. ಆಮ್ಯಾಲ ಅದೂ ನಿಂದರತಿತ್ತು."

ಸುಶೀಲಾ ಒಳಗೆ ಹೋದಳು. ಸ್ವಲ್ಪ ಹೊತ್ತು ಕುಳಿತು ಸಿದ್ರಾಮ ಎದ್ದ, ಚೀಲ ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿದ, ಹೊರಟ. ಹೋಗುವಾಗ 'ಬರ್ತೇನಿ' ಎನ್ನಲಿಲ್ಲ. ನಮ್ಮ ಕಡೆ ಯಾವ ಮನೆಯಿಂದ ಹಾಗೆ ಹೊರಡುತ್ತಾರೆಂದು ಈಗಾಗಲೇ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಕಾಲಿಗೆ ಸಿಕ್ಕಿದ್ದನ್ನು ಸಿಕ್ಕಿಸಿಕೊಂಡು ಅವನ ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಓಡಿದೆ.

ಅವನು ಆಗಲೇ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಿದ್ದ. ನಾನೂ ಹತ್ತಿದೆ. ಅವನು ನನ್ನ ಮುಖ ನೋಡದೆ, ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಕಂಡಕ್ಟರು ಬಂದು "ಎಲ್ಲಿಗ್ರಿ ಸರ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಸಿದ್ರಾಮ ಎರಡು ಬೆರಳು ತೋರಿಸಿ "ಹಿಪ್ಪರಗಿ" ಎಂದ.

ಊರು ದಾಟಿದ ಮೇಲೆ ಅವನ ದೃಷ್ಟಿ ನನ್ನ ಕಾಲಿನ ಮೇಲೆ ನಿಂತಿತು. ನಾನೂ ನೋಡಿಕೊಂಡೆ. ಹಳದಿ ಹೂವಿನ ಪಟ್ಟಿಯ, ಹಿಮ್ಮಡಿ ಎರಡು ಬೆರಳಿನಷ್ಟು ಹೊರಗೆ ಉಳಿದ ಸುಶೀಲಾಳ ಚಪ್ಪಲಿ. ಸಿದ್ರಾಮ ಮುಂದಿನ ಸೀಟಿನ ಸರಳಿಗೆ ಹಣೆ ಹಚ್ಚಿ ಬಗ್ಗಿದ, ಅವನ ಭುಜಗಳು ಕುಲುಕಾಡತೊಡಗಿದವು. ನಗುತ್ತಿದ್ದಾನೋ ಅಳುತ್ತಿದ್ದಾನೋ, ದೇಹಭಾಷೆಯ ಬಗ್ಗೆ ಮೂರು ತಾಲೂಕಿಗೆ ಪಾಠ ಹೇಳಿದ ನನಗೆ ತಿಳಿಯಲಿಲ್ಲ. ಏನಾದರೂ ಇರಲಿ ಎಂದು ಅವನ ಬೆನ್ನ ಮೇಲೆ ಕೈಯಿಟ್ಟು, ಹಿಪ್ಪರಗಿ ಬರುವವರೆಗೂ ತೆಗೆಯದೆ ಕುಳಿತೆ.