ಸ್ವಂತ ಗೆರೆ

ಕಲಾವಿದ ಮಾಡಿದ ತಪ್ಪು ಒಂದೇ: ಚಿತ್ರವನ್ನು ಮೇಜಿನ ಮೇಲೆ ಬಿಟ್ಟು ಕಾಫಿಗೆ ಹೋದದ್ದು.

ಹನ್ನೊಂದು ವರ್ಷ ಕಂಡವರ ಕತೆಗಳಿಗೆಲ್ಲ ಚಿತ್ರ ಬರೆದು ಸವೆದವನಿಗೆ ವಾರಪತ್ರಿಕೆಯಲ್ಲಿ ಕೊನೆಗೂ ಒಂದು ಸ್ವಂತ ಪುಟ ಸಿಕ್ಕಿತ್ತು. ಚಿತ್ರ ಅವನದು, ಮಾತು ಅವನದು, ಅಕ್ಷರವೂ ಅವನ ಕೈಯದೇ. ಸಂಜೆ ಐದಕ್ಕೆ ಅಚ್ಚಿಗೆ ಹೋಗದಿದ್ದರೆ ಆ ಜಾಗಕ್ಕೆ ಪದಬಂಧ ಕಾದು ಕೂತಿತ್ತು. ಲಿಫ್ಟಿನಲ್ಲಿ ಸಿಕ್ಕಿಬಿದ್ದು ಕಿರುಚುವ, ಕತ್ತೇ ಇಲ್ಲದ ಒಬ್ಬ ಗುಮಾಸ್ತನನ್ನು ಬರೆದಿದ್ದ. ಕಿರುಚಾಟದ ಅಕ್ಷರಗಳೂ ಗಾಬರಿಬಿದ್ದು ಗೋಡೆ ಹತ್ತುತ್ತಿದ್ದವು.

ವಾಪಸು ಬಂದರೆ ಚಿತ್ರದ ತುಂಬ ಕೆಂಪು ಇಂಕು. ಕರಡು ತಿದ್ದುವ ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

"ಮೇಷ್ಟ್ರೇ, ಇದು ಮೂಲ ಚಿತ್ರ! ಇದರ ಮೇಲೇ ಗೀಚಿದ್ದೀರಲ್ಲ!"

"ತಪ್ಪು ಮೂಲದಲ್ಲೇ ಇದ್ರೆ ಇನ್ನೆಲ್ಲಿ ತಿದ್ದಲಿ? ಸಾಲು ಓರೆ. 'ತೆಗೀರೋ ಬಾಗ್ಲು' ಅಂತೆ! 'ದಯವಿಟ್ಟು ಬಾಗಿಲನ್ನು ತೆರೆಯಿರಿ' ಅಂತ ಮಾಡಿದ್ದೀನಿ."

"ಉಸಿರು ಕಟ್ಟಿದೋನು ಹಾಗೆ ಮಾತಾಡ್ತಾನಾ?"

"ಸಂಸ್ಕಾರ ಇದ್ರೆ ಆಡ್ತಾನೆ."

ಹಲ್ಲು ಕಡಿಯುತ್ತ ಕಲಾವಿದ ಮೇಷ್ಟ್ರ ಮಾತನ್ನೇ ಹಾಕಿ ಹೊಸದಾಗಿ ಬರೆದ. ಮಧ್ಯಾಹ್ನ, ಪುಟ ಕಟ್ಟುವ ಅಕ್ಕನ ಕಂಪ್ಯೂಟರಿನಲ್ಲಿ ನೋಡಿದರೆ ಗುಮಾಸ್ತನಿಗೆ ಜಿರಾಫೆಯ ಕತ್ತು ಬೆಳೆದಿತ್ತು.

"ನೀನು ಮರ್ತಿದ್ದೆ ಅಂತ ನಾನೇ ಹಾಕಿದೆ ಕಣೋ."

"ಅಯ್ಯೋ ಅಕ್ಕಾ, ಕತ್ತಿಲ್ಲದಿರೋದೇ ನನ್ನ ಶೈಲಿ!"

"ಶೈಲಿ ಇರಲಿ ಬಿಡು, ಕತ್ತೂ ಇರಲಿ."

ಅಷ್ಟರಲ್ಲಿ ಜಾಹೀರಾತು ಮ್ಯಾನೇಜರು ಇಬ್ಬರ ನಡುವೆ ತಲೆ ತೂರಿಸಿದ. "ಲಿಫ್ಟ್ ಕಂಪನಿಯೋರು ನಮಗೆ ಅರ್ಧ ಪುಟ ಜಾಹೀರಾತು ಕೊಡ್ತಾರೆ ಮಾರಾಯ. ಲಿಫ್ಟು ಕೆಡಬಾರ್ದು. ಇವನು ನಗ್ತಾ ಹೊರಗೆ ಬರಲಿ."

"ಮತ್ತೆ ಕಿರುಚೋದು ಯಾಕೆ?"

"ಖುಷಿಗೆ!"

ನಾಲ್ಕು ಗಂಟೆಗೆ ಅಕ್ಕ ಅದನ್ನೂ ತಿದ್ದಿ ಪ್ರಿಂಟ್ ತೆಗೆದುಕೊಟ್ಟಳು. ಉದ್ದ ಕತ್ತಿನ ಗುಮಾಸ್ತನೊಬ್ಬ ನೆಟ್ಟಗಿರುವ ಲಿಫ್ಟಿನಿಂದ ನಗುತ್ತ ಹೊರಬಂದು, ತೆರೆದ ಬಾಗಿಲಿಗೆ 'ದಯವಿಟ್ಟು ಬಾಗಿಲನ್ನು ತೆರೆಯಿರಿ' ಎನ್ನುತ್ತಿದ್ದ.

ಕಲಾವಿದನ ತಲೆ ಕುಕ್ಕರಿನಂತೆ ಸೀಟಿ ಹೊಡೆಯಿತು. ಪ್ರಿಂಟನ್ನು ಪರಪರ ಹರಿದ. ಕುಂಚ ಹಿಡಿದು ಕಾಗದವನ್ನು ಹೊಡೆದಂತೆ ಬರೆದ. ನೀರಲ್ಲಿ ಮುಳುಗುತ್ತಿರುವವನ 'ಕಾಪಾಡಿ'ಯನ್ನು ದಡದಲ್ಲಿ ಕೂತು ತಿದ್ದುವ ಮೇಷ್ಟ್ರು. ಸಾಲಾಗಿ ಮಲಗಿಸಿದ ಕತ್ತುಗಳಿಗೆ ಇಸ್ತ್ರಿ ಹಾಕುವ ಅಕ್ಕ. ಹೆಣಕ್ಕೂ ನಗು ಹಚ್ಚುವ ಮ್ಯಾನೇಜರು. ಮೂವರ ನೆತ್ತಿಯ ಮೇಲೂ ಮಸಿ ಕಾರುವ ಅಕ್ಷರಗಳು: 'ಗೆರೆ ಎಳೆದವನಿಗೇ ಬರೆ ಎಳೀತೀರೇನ್ರೋ!'

ಅದನ್ನೂ ರಾಜೀನಾಮೆಯನ್ನೂ ಸಂಪಾದಕರ ಮೇಜಿನ ಮೇಲೆ ಬಡಿದ. "ಧೈರ್ಯ ಇದ್ರೆ ಹಾಕಿ ಸಾರ್!"

ಗಂಟಲಲ್ಲಿ ಜೇನುಗೂಡು ಸಾಕಿದ್ದ ಸಂಪಾದಕರು "ಹ್ಮ್ಮ್ಮ್" ಅಂದರು. ಗಲಾಟೆ ಕೇಳಿ ಮೂವರೂ ಒಳನುಗ್ಗಿದರು. ಮೇಷ್ಟ್ರು ಅಕ್ಕನ ಇಸ್ತ್ರಿಪೆಟ್ಟಿಗೆ ನೋಡಿ ನಕ್ಕರು. ಅಕ್ಕ ಚಿತ್ರದ ಮ್ಯಾನೇಜರನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಮ್ಯಾನೇಜರಿಗೆ ದಡದ ಮೇಷ್ಟ್ರನ್ನು ನೋಡಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಬ್ಬರೂ ತಮ್ಮನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಐದಕ್ಕೆ ಸರಿಯಾಗಿ, ಒಂದು ಚುಕ್ಕೆಯೂ ಬದಲಾಗದೆ, ಪುಟ ಅಚ್ಚಿಗೆ ಹೋಯಿತು. ಸಂಪಾದಕರು ರಾಜೀನಾಮೆಯನ್ನು ಬುಟ್ಟಿಗೆ ಹಾಕಿದರು.

ಕಲಾವಿದನ ಸಿಟ್ಟು ಸರ್ರನೆ ಇಳಿಯಿತು. "ಹಾಗಾದ್ರೆ ಸಾರ್, ಇನ್ನು ಮೇಲೆ ನನ್ನ ಪಾಡಿಗೆ ನನ್ನ ಬಿಡ್ತೀರಲ್ಲ?"

"ಬಿಡೋದಾ? ನಿನ್ನ ಬೆಳಗಿನ ಚಿತ್ರ ನಾನೂ ನೋಡಿದೆ ಕಣಯ್ಯ. ಚೆನ್ನಾಗಿತ್ತು, ಅಷ್ಟೇ. ಇದು ಕಚ್ಚುತ್ತೆ!" ಎನ್ನುತ್ತ ಎದ್ದು ಗೋಡೆಯ ಬೋರ್ಡಿನ ಮೇಲೆ ಬರೆದರು: ಸೋಮವಾರ ಮೇಷ್ಟ್ರು, ಮಂಗಳವಾರ ಅಕ್ಕ, ಬುಧವಾರ ಮ್ಯಾನೇಜರು.

"ಏನ್ ಸಾರ್ ಇದು?"

"ನಿನಗೆ ಸಿಟ್ಟು ಬರಿಸೋ ಪಾಳಿ. ಗುರುವಾರ ಖುದ್ದು ನಾನೇ ಬರ್ತೀನಿ."

ಕಲಾವಿದನ ಮುಖ ಕೆಂಡವಾಯಿತು. ಕೂಗಲು ಬಾಯಿ ತೆರೆದ. ಅಕ್ಕ ಓಡಿಬಂದು ಅವನ ಕೈಗೆ ಬಿಳಿ ಹಾಳೆ ತುರುಕಿದಳು.

"ಬಾಯಲ್ಲಿ ಪೋಲು ಮಾಡ್ಬೇಡ ಕಣೋ, ಇದರ ಮೇಲೆ ಹಾಕು!"